ಪ್ಲಗ್ಗಮ್ಮನ ಲ್ಯಾಪ್‌ಟಾಪ್

ನಮ್ಮ ಅತ್ತೆ ಸ್ವಿಚ್ಚನ್ನು ನಂಬುವವರಲ್ಲ. ಸ್ವಿಚ್ ಆರಿಸಿ, ಆಮೇಲೆ ಪ್ಲಗ್ ಕಿತ್ತು, ಅದರ ಮೂರೂ ಕಡ್ಡಿಗಳು ಕಣ್ಣಿಗೆ ಕಂಡ ಮೇಲೆಯೇ ಅವರು ಯಾವುದೇ ಯಂತ್ರದ ಮೈ ಮುಟ್ಟುವುದು. ಮಿಕ್ಸಿಯ ಜಾರು ತೆಗೆಯುವುದಕ್ಕೂ ಹಾಗೆ, ಇಸ್ತ್ರಿಪೆಟ್ಟಿಗೆ ಒರೆಸುವುದಕ್ಕೂ ಹಾಗೆ. ಒಮ್ಮೆ ಫ್ರಿಜ್ಜಿನ ಹಿಂದಿನ ಧೂಳು ಹೊಡೆಯಲು ಪ್ಲಗ್ ಕಿತ್ತವರು ಮತ್ತೆ ಹಾಕುವುದನ್ನೇ ಮರೆತಿದ್ದರಿಂದ ಹಾಲೆಲ್ಲ ಒಡೆದುಹೋಯಿತು. "ಹಾಲು ಒಡೆದ್ರೆ ಬೇರೆ ತರಬಹುದು ಕಣೇ, ಬೆರಳು ಎಲ್ಲಿಂದ ತರ್ತೀಯ?" ಎಂದು ನನ್ನನ್ನೇ ಕೇಳಿದರು. ತಪ್ಪು ಅವರದು, ಪ್ರಶ್ನೆ ನನಗೆ. ನಮ್ಮ ಮನೆಯ ರೀತಿಯೇ ಅದು.

ಈ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಅವರು ಮೂವತ್ತೊಂದು ವರ್ಷ ಹೊಲಿಗೆ ಕಾರ್ಖಾನೆಯಲ್ಲಿ ದುಡಿದವರು. ಮೊದಲು ದಾರದ ತುದಿ ಕತ್ತರಿಸುವ ಕೆಲಸ, ಆಮೇಲೆ ಹೊಲಿಗೆ, ಕೊನೆಗೆ ಯಂತ್ರಗಳ ರಿಪೇರಿ. ಮೆಕ್ಯಾನಿಕ್ಕು ವಾರಕ್ಕೆ ಮೂರು ದಿನ ತಲೆತಪ್ಪಿಸುತ್ತಿದ್ದ. ಅವನು ಮಾಡುವುದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದ ಇವರು ಒಂದು ದಿನ ತಾವೇ ಸ್ಕ್ರೂಡ್ರೈವರ್ ಹಿಡಿದರು. ಒಮ್ಮೆ ಪಕ್ಕದ ಸಾಲಿನ ಹುಡುಗಿಯೊಬ್ಬಳು ಸ್ವಿಚ್ ಆರಿಸಿ, ಸೂಜಿಯ ಕೆಳಗೆ ಸಿಕ್ಕಿಕೊಂಡ ಬಟ್ಟೆ ಬಿಡಿಸುತ್ತಿದ್ದಳು. ಹಾದುಹೋಗುತ್ತಿದ್ದ ಯಾರದೋ ಮೊಣಕೈ ಸ್ವಿಚ್ಚಿಗೆ ತಗುಲಿತು. ಸೂಜಿ ಅವಳ ಉಗುರು ದಾಟಿ ಮೂಳೆಯವರೆಗೆ ಇಳಿಯಿತು. ಚಕ್ರವನ್ನು ಕೈಯಿಂದ ತಿರುಗಿಸಿ ಆ ಸೂಜಿಯನ್ನು ಮೇಲೆತ್ತಿದವರು ನಮ್ಮ ಅತ್ತೆ. ಮಾರನೆಯ ದಿನದಿಂದ ಅವರ ಸಾಲಿನಲ್ಲಿ ಪ್ಲಗ್ ಕೀಳದೆ ಯಾರೂ ಯಂತ್ರ ಮುಟ್ಟುವ ಹಾಗಿರಲಿಲ್ಲ. ಹುಡುಗಿಯರು ಬೆನ್ನ ಹಿಂದೆ ಪ್ಲಗ್ಗಮ್ಮ ಎಂದು ಹೆಸರಿಟ್ಟರು. ಇವರಿಗೆ ಅದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಕಾರ್ಖಾನೆ ಮುಚ್ಚಿದಾಗ ಒಂದು ಪುಟ್ಟ ಕಸೂತಿ ಯಂತ್ರವನ್ನೂ ಅದಕ್ಕೆ ನಕ್ಷೆ ಕಳಿಸುವ ಹಳೆಯ ಲ್ಯಾಪ್‌ಟಾಪನ್ನೂ ಇವರಿಗೆ ಕೊಟ್ಟು ಕಳಿಸಿದರು. ಆ ಲ್ಯಾಪ್‌ಟಾಪಿನ ತೂಕ ನೋಡಿದರೆ ಕಲ್ಲು ತುಂಬಿದ್ದಾರೇನೋ ಅನ್ನಿಸಬೇಕು. ಬ್ಯಾಟರಿ ಸತ್ತು ಎಷ್ಟೋ ವರ್ಷವಾಗಿತ್ತು. ಕರೆಂಟಿನ ಮೇಲೆ ಮಾತ್ರ ಓಡುತ್ತಿತ್ತು. ಅದರಲ್ಲಿದ್ದ ಆಪರೇಟಿಂಗ್ ಸಿಸ್ಟಂ ಎಷ್ಟು ಹಳತೆಂದರೆ, ಹೊಸ ಕಾಲದ ಯಾವ ವೆಬ್‌ಸೈಟೂ ತೆರೆಯುತ್ತಿರಲಿಲ್ಲ. ಆದರೆ ಕಸೂತಿಯ ಪ್ರೋಗ್ರಾಂ ಓಡುತ್ತಿದ್ದುದು ಅದೊಂದರಲ್ಲೇ. ಹನ್ನೊಂದು ವರ್ಷದಿಂದ ಅತ್ತೆ ಬಿಡಿಸಿದ ಹೂವು, ಬಳ್ಳಿ, ಹಕ್ಕಿಗಳೆಲ್ಲ ಅದರೊಳಗಿದ್ದವು.

ಇಷ್ಟನ್ನು ಹೇಳಿದ್ದು ಆ ಭಾನುವಾರಕ್ಕಾಗಿ.

ನಾನು ಲ್ಯಾಬ್ ಟೆಕ್ನಿಷಿಯನ್. ಅಂದರೆ ಆಗಿದ್ದೆ. ಕೆಲಸ ಬಿಟ್ಟು ಏಳು ವರ್ಷವಾಗಿತ್ತು. ಈ ಏಳು ವರ್ಷದಲ್ಲಿ ಕಳಿಸಿದ ಅರ್ಜಿಗಳಿಗೆಲ್ಲ ಒಂದೇ ಉತ್ತರ: ಇಷ್ಟು ವರ್ಷ ಕೆಲಸ ಬಿಟ್ಟವರು ಬೇಡ. ಕೊನೆಗೂ ಒಂದು ಆಸ್ಪತ್ರೆ ಒಪ್ಪಿತು; ಭಾನುವಾರ ಮೂರು ಗಂಟೆಗೆ ಆನ್‌ಲೈನ್ ಸಂದರ್ಶನ. ಮೊದಲು ರಕ್ತದ ಸ್ಲೈಡಿನ ಚಿತ್ರಗಳನ್ನು ತೋರಿಸುತ್ತಾರೆ, ಬಿಳಿ ರಕ್ತಕಣಗಳನ್ನು ಬಗೆಬಗೆಯಾಗಿ ಗುರುತಿಸಿ ಎಣಿಸಬೇಕು, ಆಮೇಲೆ ಮಾತು. ಮೊಬೈಲಿನಲ್ಲಿ ತೆರೆಯುವುದಿಲ್ಲ, ಹಳೆಯ ಸಿಸ್ಟಂಗಳಲ್ಲಿ ಓಡುವುದಿಲ್ಲ, ಸಮಯ ಬದಲಿಸಲಾಗುವುದಿಲ್ಲ ಎಂದು ಶುಕ್ರವಾರ ಸಂಜೆ ಬಂದ ಸಂದೇಶದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಇದು ಕೈತಪ್ಪಿದರೆ ಇನ್ನೊಂದು ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು.

ಶನಿವಾರ ಕಂಪ್ಯೂಟರ್ ರಿಪೇರಿಯವನ ಹತ್ತಿರ ಓಡಿದೆ. ಹಳೆಯ ಸಿಸ್ಟಂ ಪಕ್ಕದಲ್ಲೇ ಹೊಸದೊಂದನ್ನು ಕೂರಿಸಬಹುದು, ಎರಡೂ ಇರುತ್ತವೆ, ಬೇಕಾದ್ದನ್ನು ತೆರೆದುಕೊಳ್ಳಬಹುದು ಎಂದ. ಅವನು ಆಗಲೇ ಊರಿಗೆ ಹೊರಟು ನಿಂತಿದ್ದ. ಒಂದು ಪೆನ್ ಡ್ರೈವ್ ಕೊಟ್ಟು, ಒಂದು ಹಾಳೆಯಲ್ಲಿ ಹನ್ನೊಂದು ಹಂತಗಳನ್ನು ಬರೆದು, "ಏನೂ ಕಷ್ಟ ಇಲ್ಲಕ್ಕ" ಎಂದು ಬಸ್ ಹತ್ತಿದ. ಆಮೇಲೆ ಅವನ ಫೋನ್ ಸಿಗಲೇ ಇಲ್ಲ. ಕಷ್ಟ ಇಲ್ಲ ಅನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ನನ್ನ ಗಂಡ ಬಸ್ ಚಾಲಕ, ಅಂದು ಡ್ಯೂಟಿ. ಮಗಳನ್ನು ಪಕ್ಕದ ಮನೆಗೆ ಕಳಿಸಿದೆವು. ಒಂಬತ್ತು ಗಂಟೆಗೆ ನಾನೂ ಅತ್ತೆಯೂ ಲ್ಯಾಪ್‌ಟಾಪಿನ ಮುಂದೆ ಕುಳಿತೆವು. ಹಾಳೆ ಓದುವುದು ಅವರ ಕೆಲಸ, ಕೀಲಿ ಒತ್ತುವುದು ನನ್ನದು.

ಮೊದಲ ಹಂತಗಳು ಸಲೀಸಾಗಿ ನಡೆದವು. ಪೆನ್ ಡ್ರೈವ್ ಚುಚ್ಚಿ, ಲ್ಯಾಪ್‌ಟಾಪ್ ಏಳುತ್ತಿರುವಾಗಲೇ ಕೀಲಿ ಒತ್ತಿ ನೀಲಿ ಬಣ್ಣದ ಸೆಟ್ಟಿಂಗ್ ಪುಟಕ್ಕೆ ಹೋಗಿ, ಅಲ್ಲಿ, ಸಿಸ್ಟಮ್ಮನ್ನು ಹೇಗೆ ಹುಡುಕಿ ತೆರೆಯಬೇಕೆಂಬ ಕಡೆ 'ಹಳೆಯ ವಿಧಾನ' ಎಂದಿದ್ದುದನ್ನು 'ಹೊಸ ವಿಧಾನ' ಎಂದು ಬದಲಿಸಿದೆ. ಹೊಸ ಸಿಸ್ಟಂ ಇನ್‌ಸ್ಟಾಲ್ ಆಗತೊಡಗಿತು. ಆಮೆಯೇ ವಾಸಿ, ಅಷ್ಟು ನಿಧಾನ. ಒಂದೂವರೆ ಗಂಟೆ ಕಳೆದು ಪರದೆಯ ಮೇಲೆ ಬಂತು: ಮುಗಿಯಿತು, ಪೆನ್ ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿ.

ನಾನು ಪೆನ್ ಡ್ರೈವಿಗೆ ಕೈ ಹಾಕಿದೆನಷ್ಟೇ, ಅತ್ತೆ ಕಿರುಚಿದರು.

"ಏಯ್! ಕರೆಂಟ್ ಇರುವಾಗ ಕೀಳ್ತೀಯಾ? ಕೈ ತೆಗಿ!"

"ಅತ್ತೆ, ಇದಕ್ಕೆ ಏನೂ ಆಗಲ್ಲ."

"ಆಗೋದು ಆದ್ಮೇಲೆ ಎಲ್ಲರೂ ಹಾಗೇ ಅನ್ನೋದು."

ಮೇಜಿನ ಕೆಳಗೆ ಬಗ್ಗಿ ಗೋಡೆಯ ಪ್ಲಗ್ ಕಿತ್ತರು. ಪರದೆ ಕಪ್ಪಾಯಿತು. ಆಮೇಲೆ ತಾವೇ ಪೆನ್ ಡ್ರೈವ್ ತೆಗೆದು, ಊದಿ, ಸೆರಗಿನಲ್ಲಿ ಒರೆಸಿ ಮೇಜಿನ ಮೇಲಿಟ್ಟರು. ಮತ್ತೆ ಪ್ಲಗ್ ಹಾಕಿ, "ಈಗ ಒತ್ತು" ಎಂದರು. ಒತ್ತಿದೆ. ತೆರೆದುಕೊಂಡದ್ದು ಹಳೆಯ ಸಿಸ್ಟಮ್ಮೇ. ಅದೇ ಹಸಿರು ಗುಡ್ಡದ ಚಿತ್ರ, ಅದೇ ಕಸೂತಿ ಪ್ರೋಗ್ರಾಂ. ಹೊಸದರ ಸುಳಿವೇ ಇಲ್ಲ. ಗಡಿಯಾರ ಮಾತ್ರ ಯಾವುದೋ ಓಬೀರಾಯನ ಕಾಲದ ಜನವರಿ ಒಂದನ್ನು ತೋರಿಸುತ್ತಿತ್ತು. ಅದನ್ನು ಸರಿಮಾಡಿದೆ.

"ಎಲ್ಲಿ ಹೋಯ್ತು?" ಎಂದರು ಅತ್ತೆ.

ನನಗೇನು ಗೊತ್ತು? ಇನ್‌ಸ್ಟಾಲ್ ಮಾಡದೆ ಪೆನ್ ಡ್ರೈವಿನಿಂದಲೇ ನೇರವಾಗಿ ಓಡಿಸಬಹುದೆಂದು ಹಾಳೆಯ ಕೊನೆಯಲ್ಲಿ ಸಣ್ಣಗೆ ಬರೆದಿತ್ತು. ಅದನ್ನೂ ಮಾಡಿ ನೋಡಿದೆ. ಆಸ್ಪತ್ರೆಯವರು ಕಳಿಸಿದ್ದ ಮಾದರಿ ಸ್ಲೈಡ್ ತೆರೆದ ತಕ್ಷಣ ಎಲ್ಲವೂ ಗರಬಡಿದಂತೆ ನಿಂತುಬಿಟ್ಟಿತು. ಮೌಸಿನ ಬಾಣ ಕೂಡ ಅಲ್ಲಾಡಲಿಲ್ಲ. ಅಷ್ಟರಲ್ಲಿ ಹನ್ನೊಂದೂವರೆ.

ಎರಡನೆಯ ಸಲ ಇನ್‌ಸ್ಟಾಲ್ ಮಾಡಿದೆ. ಹಾಳೆಯ ಒಂದೊಂದು ಸಾಲನ್ನೂ ಎರಡೆರಡು ಸಲ ಓದಿಸಿದೆ. ಸೆಟ್ಟಿಂಗ್ ಪುಟದಲ್ಲಿ ಮತ್ತೆ 'ಹಳೆಯ ವಿಧಾನ' ಎಂದೇ ಇತ್ತು. ನಾನೇ ಹಿಂದಿನ ಸಲ ಸರಿಯಾಗಿ ಉಳಿಸಿರಲಿಲ್ಲವೇನೋ ಎಂದು ನನ್ನನ್ನೇ ಬೈದುಕೊಂಡೆ. ಊಟಕ್ಕೆ ಏಳಲಿಲ್ಲ. ಅತ್ತೆ ತಟ್ಟೆ ತಂದು ಪಕ್ಕದಲ್ಲಿಟ್ಟರು, ಅದು ಹಾಗೇ ಆರಿತು. ಒಂದು ಗಂಟೆ ಹತ್ತು ನಿಮಿಷಕ್ಕೆ ಮುಗಿಯಿತು. ಪ್ಲಗ್ ಕಿತ್ತರು, ಪೆನ್ ಡ್ರೈವ್ ತೆಗೆದರು, ಪ್ಲಗ್ ಹಾಕಿದರು. ಹಸಿರು ಗುಡ್ಡ.

ಪಕ್ಕದ ಮನೆಯವರ ಲ್ಯಾಪ್‌ಟಾಪ್ ಕೇಳಿದ್ದಾಗಿತ್ತು. ಅದು ಅವರ ಕಚೇರಿಯದು, ಬೇರೆ ಯಾವುದನ್ನೂ ತೆರೆಯಗೊಡುವುದಿಲ್ಲ. ಬೀದಿಯ ಕೊನೆಯ ಬ್ರೌಸಿಂಗ್ ಸೆಂಟರಿಗೆ ಭಾನುವಾರ ಬೀಗ. ಮೂರನೆಯ ಸಲ ಇನ್‌ಸ್ಟಾಲ್ ಮಾಡಲು ಪೆನ್ ಡ್ರೈವ್ ಹಾಕಿದೆ. ಈ ಸಲ ಅದು ಕೇಳಿತು: ಈ ಕಂಪ್ಯೂಟರಿನಲ್ಲಿ ಬೇರೆ ಸಿಸ್ಟಂಗಳಿವೆ, ಡಿಸ್ಕ್ ಪೂರ್ತಿ ಅಳಿಸಿ ಹೊಸದನ್ನು ಹಾಕಲೇ? ಬೇರೆ ಸಿಸ್ಟಂಗಳು ಎಂದು ಬಹುವಚನದಲ್ಲಿ ಕೇಳುತ್ತಿದೆಯೆಂಬುದು ಕೂಡ ನನ್ನ ತಲೆಗೆ ಹೋಗಲಿಲ್ಲ. ಅಳಿಸಿ ಅನ್ನುವುದೊಂದೇ ಕಣ್ಣಿಗೆ ಬಿತ್ತು.

ಅತ್ತೆಗೂ ಅದು ಕಂಡಿತು. ಕನ್ನಡಕ ಮೇಲಕ್ಕೆತ್ತಿ ಓದಿದರು.

"ಪೂರ್ತಿ ಅಳಿಸಿದ್ರೆ ಸರಿಹೋಗುತ್ತಾ?"

"ಹೋಗಬಹುದು. ಆದ್ರೆ ನಿಮ್ಮ ಡಿಸೈನ್, ಆ ಪ್ರೋಗ್ರಾಂ ಯಾವುದೂ ಉಳಿಯಲ್ಲ."

"ಅಳಿಸಿಬಿಡು. ಹೋದ್ರೆ ಹೋಗ್ಲಿ."

ನನಗೆ ಎಲ್ಲಿತ್ತೋ ಸಿಟ್ಟು. ಬೆಳಗಿನಿಂದ ಹಲ್ಲು ಕಚ್ಚಿ ಹಿಡಿದಿದ್ದು, ಅಲ್ಲ, ಏಳು ವರ್ಷದಿಂದ ಹಿಡಿದಿದ್ದು, ಬಾಯಿಗೆ ಬಂತು.

"ಈಗ ತ್ಯಾಗ ಮಾಡಿ ತೋರಿಸ್ಬೇಡಿ ಅತ್ತೆ! ಅವತ್ತು ಲ್ಯಾಬಲ್ಲಿ ನನಗೆ ಸೂಜಿ ಚುಚ್ಚಿದಾಗ ಏನಂದ್ರಿ? ಪರೀಕ್ಷೆ ಎಲ್ಲಾ ಸರಿಯಾಗಿ ಬಂತು, ನನಗೇನೂ ಆಗಲಿಲ್ಲ. ಆದ್ರೂ 'ನೀನು ಕೆಲಸಕ್ಕೆ ಹೋದ್ರೆ ಮಗೂನ ನಾನು ನೋಡ್ಕೊಳ್ಳಲ್ಲ' ಅಂದ್ರಿ. ಯಂತ್ರದ ಪ್ಲಗ್ ಕಿತ್ತ ಹಾಗೆ ನನ್ನೂ ಕಿತ್ತು ಮೂಲೇಲಿ ಇಟ್ರಿ. ಇವತ್ತು ನಾನು ಹೀಗೆ ಒದ್ದಾಡ್ತಿರೋದು ನಿಮ್ಮಿಂದಾನೇ!"

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ಸೂಜಿ ಚುಚ್ಚಿದಾಗ ನನ್ನ ಮಗಳಿಗೆ ಒಂದು ವರ್ಷ. ರೋಗಿಯೊಬ್ಬನ ರಕ್ತ ತೆಗೆದ ಸೂಜಿ ನನ್ನ ಹೆಬ್ಬೆರಳಿಗೆ ಚುಚ್ಚಿತ್ತು. ಆ ರಕ್ತದಿಂದ ನನಗೆ ರೋಗ ಅಂಟಿತೇ ಎಂಬ ಪರೀಕ್ಷೆಗಳ ಫಲಿತಾಂಶಕ್ಕೆ ಆರು ತಿಂಗಳು ಕಾದೆವು. ಆ ಆರು ತಿಂಗಳೂ ಅತ್ತೆ ಸರಿಯಾಗಿ ಮಲಗಲಿಲ್ಲ ಎಂಬುದೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ. ಅಂದದ್ದಕ್ಕೆ ಆ ಕ್ಷಣ ಎಳ್ಳಷ್ಟೂ ಬೇಸರವಾಗಲಿಲ್ಲ.

ಅಳಿಸುವ ಗುಂಡಿ ಮಾತ್ರ ನನ್ನಿಂದ ಒತ್ತಲಾಗಲಿಲ್ಲ. ಹನ್ನೊಂದು ವರ್ಷದ ಹೂಬಳ್ಳಿಗಳನ್ನು ನಾನು ಅಳಿಸಿದರೆ ನಮ್ಮಿಬ್ಬರ ಲೆಕ್ಕ ಸಮವಾಗುತ್ತದೆ, ಆದರೆ ಆಮೇಲೆ ಒಂದೇ ಮನೆಯಲ್ಲಿ ಹೇಗಿರುವುದು? ಕೈ ಹಿಂದಕ್ಕೆಳೆದೆ. ಅತ್ತೆ ಬಗ್ಗಿ ಪ್ಲಗ್ ಕಿತ್ತರು, ಪೆನ್ ಡ್ರೈವ್ ತೆಗೆದರು, ಮತ್ತೆ ಪ್ಲಗ್ ಹಾಕಿದರು. ಹಳೆಯ ಸಿಸ್ಟಂ ಎದ್ದಿತು. ಅದರ ಗಡಿಯಾರ ಮತ್ತೆ ಜನವರಿ ಒಂದಕ್ಕೆ ಹೋಗಿತ್ತು. ಮಾಡಲು ಬೇರೇನೂ ತೋಚದೆ ಅದನ್ನು ಸರಿಮಾಡುತ್ತ ಕುಳಿತೆ. ನಿಜವಾದ ಗಡಿಯಾರದಲ್ಲಿ ಎರಡು ಗಂಟೆ ಐದು ನಿಮಿಷ.

"ಅದನ್ನ ಎಷ್ಟು ಸಲ ತಿದ್ದುತೀಯ?" ಅತ್ತೆಯ ದನಿ ಸಣ್ಣಗಿತ್ತು.

"ಪ್ರತಿ ಸಲ ಹಿಂದಕ್ಕೆ ಹೋಗುತ್ತೆ. ನೀವು ನೋಡೇ ಇಲ್ವಾ ಇಷ್ಟು ವರ್ಷ?"

"ನನ್ನ ಹೂವಿಗೆ ತಾರೀಕು ಯಾಕೆ?" ಎಂದವರು ಪರದೆಯ ಮೂಲೆಗೆ ಬಗ್ಗಿ ನೋಡಿದರು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಪ್ರತಿ ಸಲ ಅಂದ್ರೆ ಯಾವಾಗ? ಆನ್ ಮಾಡಿದಾಗೆಲ್ಲಾನಾ, ಇಲ್ಲಾ ನಾನು ಪ್ಲಗ್ ಕಿತ್ತಾಗ ಮಾತ್ರಾನಾ?"

ಯೋಚಿಸಿದೆ. "ಪ್ಲಗ್ ಕಿತ್ತಾಗ."

"ಆ ನೀಲಿ ಪುಟದಲ್ಲಿ ನೀನು ಬದಲಾಯಿಸ್ತೀಯಲ್ಲ, ಅದೂ ಹಿಂದಕ್ಕೆ ಹೋಗುತ್ತಾ?"

'ಹಳೆಯ ವಿಧಾನ' ಎಂದು ಮತ್ತೆ ಮತ್ತೆ ಕಂಡದ್ದು ನೆನಪಾಯಿತು.

"ಕಾರ್ಖಾನೇಲಿ ಕಂಪ್ಯೂಟರ್ ಹೊಲಿಗೆ ಮಿಷನ್ ಬಂದಾಗ ಹೀಗೇ ಆಗ್ತಿತ್ತು," ಎಂದರು ಅತ್ತೆ. "ಒಳಗೊಂದು ಬಿಲ್ಲೆಯಂಥ ಸೆಲ್ ಇರುತ್ತೆ ಕಣೇ. ಕರೆಂಟ್ ಹೋದ್ರೂ ಮಿಷನ್ನಿಗೆ ಎಲ್ಲಾ ನೆನಪಿರೋದು ಅದರಿಂದಾನೇ. ಅದು ಸತ್ರೆ, ಪ್ಲಗ್ ಕಿತ್ತ ತಕ್ಷಣ ಎಲ್ಲಾ ಮರೆತು ಮೊದಲಿನ ಹಾಗೆ ಆಗಿಬಿಡುತ್ತೆ. ಇದರ ಸೆಲ್ಲೂ ಸತ್ತಿದೆ. ನಿನ್ನ ಹೊಸ ಸಿಸ್ಟಂ ಎಲ್ಲೂ ಹೋಗಿಲ್ಲ, ಒಳಗೇ ಇದೆ. ಅದನ್ನ ಹುಡುಕೋ ದಾರೀನ ನಾನೇ..."

ಅವರ ಕಣ್ಣು ಗೋಡೆಯ ಪ್ಲಗ್ಗಿನ ಕಡೆ ಹೋಯಿತು. ಬೆಳಗಿನಿಂದ ಎರಡು ಸಲ ಗೆದ್ದ ಕೆಲಸವನ್ನು ಎರಡು ಸಲವೂ ಕೆಡಿಸಿದ್ದು ಅವರ ಜೀವಮಾನದ ಎಚ್ಚರವೇ ಆಗಿತ್ತು.

"ಸೆಲ್ ಹಾಕೋಣ್ವಾ?" ಎಂದೆ.

ಲ್ಯಾಪ್‌ಟಾಪನ್ನು ಮಗುಚಿ ನೋಡಿದರು. "ಹದಿನೇಳು ಸ್ಕ್ರೂ ಇದೆ. ಬಿಚ್ಚಿ ಮುಚ್ಚೋ ಹೊತ್ತಿಗೆ ನಿನ್ನ ಮೂರು ಗಂಟೆ ಮುಗಿದಿರುತ್ತೆ. ಪ್ಲಗ್ ಕೀಳಬಾರದು, ಅಷ್ಟೇ."

ಕೀಲಿ ಒತ್ತಿ ನೀಲಿ ಪುಟಕ್ಕೆ ಹೋದೆ. 'ಹೊಸ ವಿಧಾನ' ಎಂದು ಬದಲಿಸಿ ಉಳಿಸಿದೆ. ಲ್ಯಾಪ್‌ಟಾಪ್ ತಾನೇ ಆರಿ ತಾನೇ ಹೊತ್ತಿಕೊಳ್ಳತೊಡಗಿತು. ಆಗಲೇ ಮೇಜಿನ ಕೆಳಗೆ ಚಿಟ್ ಎಂದಿತು, ಪರದೆ ಕಪ್ಪಾಯಿತು. ನನ್ನ ಮೊಣಕಾಲು ವೈರಿಗೆ ತಗುಲಿ ಪ್ಲಗ್ ಜಾರಿತ್ತು. ಆ ಸಾಕೆಟ್ಟು ಇಷ್ಟು ವರ್ಷ ಕಿತ್ತೂ ಕಿತ್ತೂ ಸಡಿಲವಾಗಿ, ಸೀನಿದರೆ ಬಿದ್ದುಹೋಗುವಂತಿತ್ತು. ಎರಡು ಇಪ್ಪತ್ತೈದು. ನನಗೆ ಅಳು ಬಂದೇಬಿಟ್ಟಿತು.

"ಅಳೋಕೆ ಆಮೇಲೆ ಟೈಮಿದೆ," ಎಂದು ಅತ್ತೆ ಗದರಿದರು. ಸೆರಗು ಸಿಕ್ಕಿಸಿಕೊಂಡು, ಮಂಡಿನೋವಿನ ಮಂಡಿಗಳನ್ನು ಊರಿ ಮೇಜಿನ ಕೆಳಗೆ ನುಗ್ಗಿದರು. ಪ್ಲಗ್ ಹಾಕಿ, ಅಂಗೈಯಿಂದ ಒತ್ತಿ ಹಿಡಿದು, ಗೋಡೆಗೆ ಒರಗಿ ಕುಳಿತರು. "ಹೂಂ, ಶುರು ಮಾಡು. ನಾನು ಅಲ್ಲಾಡಲ್ಲ."

ಕರೆಂಟು ಹರಿಯುತ್ತಿರುವ ಪ್ಲಗ್ಗಿನ ಮೇಲೆ ಅವರ ಕೈ.

ಮತ್ತೆ ನೀಲಿ ಪುಟ. ಬದಲಿಸಿದೆ, ಉಳಿಸಿದೆ. ಪರದೆ ಕಪ್ಪಾಯಿತು. ಉಸಿರು ಬಿಗಿಹಿಡಿದು ಹತ್ತು, ಹನ್ನೊಂದು, ಹನ್ನೆರಡು ಎಂದು ಎಣಿಸಿದೆ. ಆಮೇಲೆ ಪರದೆಯ ಮೇಲೆ ಎರಡು ಸಾಲು ಮೂಡಿದವು: ಮೇಲಿನ ಸಾಲಿನಲ್ಲಿ ಹೊಸ ಸಿಸ್ಟಂ, ಕೆಳಗಿನದರಲ್ಲಿ ಹಳತು.

"ಬಂತು ಅತ್ತೆ!"

"ಬಾಯಿ ಮುಚ್ಚಿ ಮುಂದಿನದು ಮಾಡು."

ಎರಡು ಐವತ್ತಕ್ಕೆ ಆಸ್ಪತ್ರೆಯ ಕೊಂಡಿ ತೆರೆದೆ. ಸುರಕ್ಷಿತವಲ್ಲ, ತೆರೆಯಲಾಗುವುದಿಲ್ಲ ಎಂದು ಕೆಂಪಗೆ ಬಂತು. ಒಂದು ಕ್ಷಣ ಕೈಚೆಲ್ಲಿ ಕುಳಿತೆ. ಆಮೇಲೆ ಮೂಲೆಯ ತಾರೀಕು ಕಂಡಿತು: ಇಲ್ಲೂ ಜನವರಿ ಒಂದು. ಅಷ್ಟು ಹಿಂದಿನ ಕಾಲದಲ್ಲಿ ನಿಂತವರಿಗೆ ಯಾವ ವೆಬ್‌ಸೈಟು ಬಾಗಿಲು ತೆರೆದೀತು? ಬೆರಳು ತಡವರಿಸುತ್ತ ತಿದ್ದಿದೆ. ಪುಟ ತೆರೆಯಿತು. ಎರಡು ಐವತ್ತಾರು.

ಮೊದಲು ಸ್ಲೈಡುಗಳು. ನೇರಳೆ ಬಣ್ಣದ ಕಣಗಳನ್ನು ಏಳು ವರ್ಷದ ಮೇಲೆ ನೋಡಿದಾಗ ಗುರುತು ಸಿಗುತ್ತದೋ ಇಲ್ಲವೋ ಎಂಬ ಭಯವಿತ್ತು. ಸಿಕ್ಕಿತು. ತುಂಡುತುಂಡು ಕೋಶಕೇಂದ್ರದವು, ದುಂಡನೆಯವು, ಕೆಂಪು ಚುಕ್ಕೆಯವು. ಬೆರಳುಗಳು ತಾವಾಗಿಯೇ ಎಣಿಸಿದವು. ನಡುನಡುವೆ ಮೇಜಿನ ಕೆಳಗಿನಿಂದ ಅತ್ತೆ ಕೈ ಬದಲಿಸುವ ಬಳೆ ಸದ್ದು ಕೇಳುತ್ತಿತ್ತು. ನೂರು ಕಣ ಎಣಿಸಿ ಕಳಿಸಿದೆ.

ಆಮೇಲೆ ಪರದೆಯಲ್ಲಿ ಒಬ್ಬರು ಡಾಕ್ಟರಮ್ಮ ಬಂದರು. ನರೆತ ಕೂದಲು, ನಗುವಿಲ್ಲದ ಮುಖ. ಮುಂದಿದ್ದ ಹಾಳೆ ನೋಡುತ್ತ ಕೇಳಿದರು.

"ಎಣಿಕೆ ಚೆನ್ನಾಗಿದೆ. ಏಳು ವರ್ಷ ಯಾಕೆ ಬಿಟ್ಟಿದ್ರಿ?"

"ಕುಟುಂಬದ ಜವಾಬ್ದಾರಿ ಇತ್ತು ಮೇಡಂ." ಉರುಹೊಡೆದಿದ್ದ ಉತ್ತರ.

"ಎಲ್ಲರೂ ಅದನ್ನೇ ಹೇಳ್ತಾರೆ. ನಾವು ಸೇರಿಸಿಕೊಳ್ತೀವಿ, ಕಲಿಸ್ತೀವಿ, ಒಂದು ವರ್ಷದಲ್ಲಿ ಮನೇಲಿ ಬೇಡ ಅಂದ್ರು ಅಂತ ಬಿಟ್ಟು ಹೋಗ್ತಾರೆ. ಇಲ್ಲಿ ಪಾಳಿ ಕೆಲಸ. ನಿಮ್ಮ ಯಜಮಾನರದ್ದೂ ಪಾಳಿ ಅಂತ ಬರೆದಿದ್ದೀರಿ. ನೀವಿಬ್ಬರೂ ಹೋದ್ರೆ ಮಗೂನ ಯಾರು ನೋಡ್ಕೋತಾರೆ?"

ಮಧ್ಯಾಹ್ನದ ಜಗಳ ಬಿಟ್ಟರೆ ಏಳು ವರ್ಷದಿಂದ ಆ ಮಾತನ್ನು ನಾನೂ ಎತ್ತಿರಲಿಲ್ಲ, ಅತ್ತೆಯೂ ಎತ್ತಿರಲಿಲ್ಲ. ಸುಳ್ಳು ಹೇಳಲೆಂದು ಬಾಯಿ ತೆರೆದೆ.

"ನಾನು," ಎಂದಿತು ಮೇಜಿನ ಕೆಳಗಿನ ದನಿ.

ಡಾಕ್ಟರಮ್ಮ ತಲೆಯೆತ್ತಿದರು. "ಯಾರದು?"

"ನಮ್ಮ ಅತ್ತೆ ಮೇಡಂ," ಎಂದೆ.

"ಎಲ್ಲಿದ್ದಾರೆ? ಮುಂದೆ ಬರೋಕೆ ಹೇಳಿ."

"ಬರೋಕಾಗಲ್ಲಮ್ಮ," ಎಂದರು ಅತ್ತೆ ಕೆಳಗಿನಿಂದಲೇ, ಜೋರಾಗಿ. "ನಾನು ಕೈಬಿಟ್ರೆ ಇವಳದ್ದೆಲ್ಲಾ ಆರಿಹೋಗುತ್ತೆ. ಅವತ್ತು ಕೆಲಸ ಬಿಡಿಸಿದ್ದೂ ನಾನೇ. ಅವಳಿಗೆ ಸೂಜಿ ಚುಚ್ಚಿತು ಅಂತ ಹೆದರಿ, ಮಗೂನ ನೋಡಲ್ಲ ಅಂತ ಹಟ ಹಿಡಿದೆ. ತಪ್ಪು ನನ್ನದು, ಅವಳದ್ದಲ್ಲ. ಈಗ ನೋಡ್ಕೋತೀನಿ. ಹಗಲಾಗ್ಲಿ ರಾತ್ರಿಯಾಗ್ಲಿ, ನಾನೇ ನೋಡ್ಕೋತೀನಿ."

ಡಾಕ್ಟರಮ್ಮ ಹಾಳೆಯಲ್ಲಿ ಏನೋ ಬರೆದುಕೊಂಡರು. ಬುಧವಾರ ಎಂಟು ಗಂಟೆಗೆ ಮೂಲ ದಾಖಲೆಗಳೊಂದಿಗೆ ಕೆಲಸಕ್ಕೆ ಸೇರಲು ಬನ್ನಿ ಎಂದರು. ಪರದೆ ಖಾಲಿಯಾಯಿತು.

ನಾನು ಬಗ್ಗಿ ನೋಡಿದೆ. ಅತ್ತೆ ಇನ್ನೂ ಎರಡೂ ಕೈಯಿಂದ ಪ್ಲಗ್ಗನ್ನು ಒತ್ತಿ ಹಿಡಿದಿದ್ದರು. ಬೆರಳುಗಳು ಮರಗಟ್ಟಿದ್ದವು, ಕಣ್ಣು ತುಂಬಿತ್ತು. ಏಳು ವರ್ಷದ ಸಿಟ್ಟು ಒಂದೇ ಗಳಿಗೆಯಲ್ಲಿ ಪೂರ್ತಿ ಇಳಿಯಿತೆಂದರೆ ಸುಳ್ಳಾದೀತು. ಆದರೆ ನನಗೆ ಅವರನ್ನು ಬಿಟ್ಟು ಎದ್ದುಹೋಗಲಾಗಲಿಲ್ಲ. ಕುರ್ಚಿ ಸರಿಸಿ ನಾನೂ ಕೆಳಗೆ ನುಗ್ಗಿ, ಅವರ ಪಕ್ಕದಲ್ಲಿ ಗೋಡೆಗೊರಗಿ ಕುಳಿತೆ.

"ಮುಗೀತು ಅತ್ತೆ. ಕೈ ಬಿಡಿ."

"ನಿಜವಾಗ್ಲೂ ತಗೊಂಡ್ರಾ?" ಎಂದು ಕೇಳಿದರು. ಕೈ ಮಾತ್ರ ಬಿಡಲಿಲ್ಲ.